ಚಿತ್ರ ಬರೂದಿಲ್ಲ ಅಂದ್ರೂ ಬನ್ನಿ

ಎಲ್ಲರಿಗೂ ನಮಸ್ಕಾರ. ಎಕ್ಸ್‌ಪ್ರೆಸಿವ್ ಆರ್ಟ್ಸ್ ಥೆರಪಿಗೆ, ಅಂದ್ರೆ ಕಲೆ ಮೂಲಕ ಮನಸ್ಸಿಗೆ ಮಾಡೂ ಚಿಕಿತ್ಸೆಗೆ, ಹೋಗಿ ನೋಡಿ ಅಂತ ಡಾಕ್ಟ್ರು ಹೇಳಿದ ಕೂಡ್ಲೆ ನಮ್ಮ ಕಡೆ ಜನ ಹೇಳೂ ಮೊದಲ ಮಾತು ಒಂದೇ, "ಅಯ್ಯೋ ಅಕ್ಕೋರೇ, ನಂಗೆ ಚಿತ್ರ ತೆಗೆಯೂಕೆ ಬರೂದಿಲ್ಲ." ಕಾರವಾರದ ಬ್ಯಾಂಕಲ್ಲಿ ಕೂತವರೂ ಅದೇ ಹೇಳ್ತಾರೆ, ಅಂಕೋಲೆ ಪೇಟೆಲಿ ಮೀನು ಮಾರೂ ಅಮ್ಮಂದಿರೂ ಅದೇ ಹೇಳ್ತಾರೆ. ಬರದಿದ್ರೇ ಚಲೋ ಅಂತೀನಿ ನಾನು, ಯಾಕಂದ್ರೆ ಚೆಂದ ಬಿಡಿಸೂಕೆ ಬರೋರು ಚೆಂದ ಮಾಡೂದರಲ್ಲೇ ಮುಳುಗಿಹೋಗ್ತಾರೆ, ಒಳಗಿದ್ದದ್ದು ಹೊರಗೆ ಬರೂಕೆ ತಡ ಆಗ್ತದೆ.

ಬಣ್ಣ, ಜೇಡಿಮಣ್ಣು, ಹಾಡು, ಕುಣಿತ, ಪಾತ್ರ ಮಾಡೂದು, ನಾಲ್ಕು ಸಾಲು ಬರೆಯೂದು, ಇದೆಲ್ಲ ಇಲ್ಲಿ ಬರ್ತದೆ. ಬ್ರಿಟನ್ನಿನ ಏಡ್ರಿಯನ್ ಹಿಲ್ ಅನ್ನೋ ಚಿತ್ರಕಾರ ಟಿಬಿ ಆಗಿ ಆಸ್ಪತ್ರೆಲಿ ಮಲಗಿದ್ದಾಗ ಚಿತ್ರ ಬಿಡಿಸ್ತಾ ಸುಧಾರಿಸ್ಕೊಂಡ, 1942ರಲ್ಲಿ ಆರ್ಟ್ ಥೆರಪಿ ಅನ್ನೋ ಹೆಸರು ಕೊಟ್ಟವ ಅವನೇ. ಎಲ್ಲಾ ಕಲೆನೂ ಸೇರಿಸಿ ಮಾಡೂ ಪದ್ಧತಿ ಬೆಳೆದದ್ದು ಆಮೇಲೆ, 1970ರ ದಶಕದಲ್ಲಿ ಅಮೆರಿಕದ ಲೆಸ್ಲಿ ಕಾಲೇಜಲ್ಲಿ.

ಮೊದಲ ಸೆಶನ್‌ನಲ್ಲಿ ಹೆಚ್ಚಾಗಿ ಮಾತೇ. ಯಾಕೆ ಬಂದ್ರಿ, ನಿದ್ದೆ ಹೇಗಿದೆ, ಮಾತ್ರೆ ನಡೀತಾ ಇದ್ಯಾ, ಮನೇಲಿ ಯಾರಿದ್ದಾರೆ. ಆಮೇಲಿನ ಸೆಶನ್ ಒಂದು ತಾಸಿನ ಹತ್ತಿರ, ಗುಂಪಿದ್ರೆ ಜಾಸ್ತಿ. ಶುರುವಿಗೆ ಉಸಿರಾಟ, ಕೈಕಾಲು ಸಡಿಲ ಮಾಡೂದು, ಆಮೇಲೆ ಏನಾದ್ರೂ ಮಾಡೂದು. ಇಲ್ಲೇ ಜನ ಹೆದರೂದು, ನನ್ನ ಚಿತ್ರ ನೋಡಿ ಇವ್ರು ನನ್ನ ಗುಟ್ಟೆಲ್ಲ ಹೇಳಿಬಿಡ್ತಾರೆ ಅಂತ. ಹಾಗೇನಿಲ್ಲ ಮಾರಾಯ್ರೆ. ಒಬ್ಬರು ಹಾಳೆ ತುಂಬಾ ಕಪ್ಪು ಬಳಿದ್ರು ಅಂತ ಇಟ್ಕೊಳ್ಳಿ. ಕಪ್ಪು ಅಂದ್ರೆ ದುಃಖ ಅಂತ ಥೆರಪಿಸ್ಟ್ ಹೇಳಿಬಿಟ್ರೆ ಅಲ್ಲಿಗೆ ಕತೆ ಮುಗೀತು. ಅದು ಜೂನ್-ಜುಲೈ ಬೋಟ್ ಬಂದ್ ಆದಾಗಿನ ಸಮುದ್ರ ಇರಬಹುದು, ಸೊಸೈಟಿ ಸಾಲದ ಚಿಂತೆ ಇರಬಹುದು, ಅಥವಾ ಡಬ್ಬಿಲಿ ಮುರಿಯದೆ ಉಳಿದ ಕ್ರೆಯಾನ್ ಅದೊಂದೇ ಇರಬಹುದು! ಹಾಗಾಗಿ ಅವ್ರು ಕೇಳೂದು, ಎಲ್ಲಿಂದ ಬಳಿಯೂಕೆ ಶುರು ಮಾಡಿದ್ರಿ, ಇದಕ್ಕೆ ಸದ್ದು ಇದ್ದಿದ್ರೆ ಯಾವ ಸದ್ದು, ಆ ಸದ್ದಿಗೆ ಕೈ ಹೇಗೆ ಆಡ್ತದೆ, ಈಗ ಆ ಕೈ ಏನೋ ಹೇಳ್ತಿದೆ ಅಂದ್ರೆ ಎರಡು ಸಾಲು ಬರೀರಿ. ಹೀಗೆ ಚಿತ್ರದಿಂದ ಸದ್ದಿಗೆ, ಸದ್ದಿಂದ ಮೈಗೆ, ಮೈಯಿಂದ ಮಾತಿಗೆ ದಾಟೂದ್ರಲ್ಲೇ ಇದ್ರ ಕೆಲಸ ಇರೂದು. ಬಾಯಲ್ಲಿ ಹೇಳೂಕೆ ಆಗದ್ದು ಹಾಳೆ ಮೇಲೆ ಬಂದ್ಮೇಲೆ ಅದನ್ನ ದೂರ ಇಟ್ಟು ನೋಡಬಹುದು, ಮಡಚಿ ಇಡಬಹುದು, ಬೇಡ ಅಂದ್ರೆ ಹರಿದೂ ಹಾಕಬಹುದು. ಮತ್ತೆ, ಮಾಡೂದಿಲ್ಲ ಅನ್ನೂಕೂ ನಿಮಗೆ ಪೂರ್ತಿ ಹಕ್ಕುಂಟು.

ನಮ್ಮ ಉತ್ತರ ಕನ್ನಡ ಜಿಲ್ಲೆಲಿ ಇದಕ್ಕೆ ಸಾಮಾನು ಹೊರಗಿಂದ ತರೂದೇ ಬೇಡ ಅನಸ್ತದೆ ಒಂದೊಂದ್ಸಲ. ಹಾಲಕ್ಕಿ ಸಮುದಾಯದ ಅಜ್ಜಿ ಕೈಗೆ ಬ್ರಶ್ ಕೊಟ್ರೆ ಸುಮ್ಮನೆ ಕೂತಾರು, ಹಾಡು ಅಂದ್ರೆ ಬಾಯಿ ಬಿಟ್ಟಾರು. ಹೊನ್ನಾವರ, ಕುಮಟೆ ಕಡೆ ಹುಡುಗರು ನನಗೆ ಸಿಟ್ಟು ಬರ್ತದೆ ಅಂತ ಬಾಯಿಬಿಟ್ಟು ಹೇಳೂದಿಲ್ಲ, ಯಕ್ಷಗಾನದ ರಾಕ್ಷಸ ವೇಷದ ಮಾತು ಆಡು ಅಂದ್ರೆ ಎಲ್ಲಾ ಹೊರಗೆ ಬರ್ತದೆ. ಹಾಗಂತ ಸುಗ್ಗಿ ಕುಣಿತ, ಯಕ್ಷಗಾನದ ಆಟ ಎಲ್ಲಾನೂ ಥೆರಪಿ ಅಂತ ಹೇಳೂದು ನಂಗೆ ಒಪ್ಪಿಗೆ ಇಲ್ಲ. ಕುಣಿದ್ಮೇಲೆ ಮನಸ್ಸು ಹಗುರ ಆಗೂದು ಖರೆ, ಆದ್ರೆ ಅಲ್ಲಿ ಯಾರೂ ಪಕ್ಕದಲ್ಲಿ ಕೂತು ಈಗ ಒಳಗೆ ಏನಾಯ್ತು ಅಂತ ಕೇಳೂದಿಲ್ಲ.

ಸೆಶನ್ ಆದ ರಾತ್ರಿ ಅಳು ಬರಬಹುದು, ಸುಸ್ತು ಆಗಬಹುದು, ಹಳೇದೆಲ್ಲ ಕನಸಲ್ಲಿ ಬರಬಹುದು, ಮುಂದಿನ ಸಲ ಅದನ್ನ ಹೇಳಿ. ಕೊನೆ ಹತ್ತು ನಿಮಿಷ ಸುಮ್ಮನೆ ಕೂರಿಸಿ ನೀರು ಕುಡಿಸಿ ಸಮಾಧಾನ ಮಾಡಿ ಕಳಿಸೂದೂ ಅದಕ್ಕೇ, ಗಡಿಬಿಡಿಲಿ ಎದ್ದು ಬಸ್ಸಿಗೆ ಓಡಬೇಡಿ. ಡಾಕ್ಟ್ರು ಕೊಟ್ಟ ಮಾತ್ರೆ ನೀವಾಗೇ ನಿಲ್ಲಿಸಬೇಡಿ. ಬದುಕೂದೇ ಬೇಡ ಅನ್ನೂ ಯೋಚನೆ ಬಂದ್ರೆ ಮುಂದಿನ ಸೆಶನ್‌ವರೆಗೆ ಕಾಯೂದೇ ಬೇಡ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡೂದು ಬೇಡ, ರಾತ್ರಿನೂ ತೆಗೀತಾರೆ, ಕನ್ನಡದಲ್ಲೇ ಮಾತಾಡ್ತಾರೆ.

ಹೋಗೂ ಮೊದಲು ಥೆರಪಿಸ್ಟ್ ಹತ್ರ, ಎಲ್ಲಿ ಕಲ್ತಿದ್ದು, ಎಷ್ಟು ಸಮಯ ಕಲ್ತಿದ್ದು, ಕಷ್ಟದ ಕೇಸ್ ಬಂದ್ರೆ ಯಾವ ಡಾಕ್ಟ್ರ ಹತ್ರ ಕಳಿಸ್ತೀರಿ ಅಂತ ನೇರ ಕೇಳಿ, ನಾಚಿಕೆ ಬೇಡ. ವಾರಾಂತ್ಯದ ವರ್ಕ್‌ಶಾಪ್ ಒಂದು ಮುಗಿಸಿ ಬೋರ್ಡ್ ಹಾಕಿದವರೂ ಇರ್ತಾರೆ. ನಿಮ್ಮ ಚಿತ್ರದ ಫೋಟೋ ತೆಗೆದು ವಾಟ್ಸಾಪಿಗೆ ಹಾಕೂಕೆ ನಿಮ್ಮ ಒಪ್ಪಿಗೆ ಬೇಕೇ ಬೇಕು, ಚಿಕಿತ್ಸೆಯ ವಿಷಯ ಗುಟ್ಟಾಗಿ ಇಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಲೇ ಉಂಟು. ಹೋಗೂವಾಗ ಹಳೇ ಅಂಗಿ ಹಾಕ್ಕೊಂಡು ಹೋಗಿ, ಅಕ್ರಿಲಿಕ್ ಬಣ್ಣ ಒಣಗಿದ್ರೆ ಎಷ್ಟು ತಿಕ್ಕಿದ್ರೂ ಹೋಗೂದಿಲ್ಲ. ನಮಸ್ಕಾರ.