ದಾಳಿ ಗೋಲ್‌ಕೀಪರ್‌ನಿಂದಲೇ ಶುರುವಾಗಲಿ

ಕೇಳುಗರಿಗೆ ನಮಸ್ಕಾರ. ಶಾಲೆಯಲ್ಲಿ ಫುಟ್ಬಾಲ್ ಕಲಿಸುವ ಪಿ.ಟಿ. ಮೇಷ್ಟ್ರುಗಳೇ, ಮೈದಾನದ ಅಂಚಿನಲ್ಲಿ ನಿಂತು ಕೂಗುವ ಅಪ್ಪ ಅಮ್ಮಂದಿರೇ, ನನ್ನ ಮಾತು ನಿಮಗೇ. ಅದೂ ಒಂದೇ ಮಾತು. ಚೆಂಡು ಇರುವ ಹುಡುಗನಿಗೆ ಪಾಸ್ ಮಾಡಲು ಎರಡು ದಾರಿ ಕೊಡಿ.

ನಮ್ಮ ಗೋಲಿನ ಹತ್ತಿರ ಚೆಂಡು ಬಂದರೆ ಸಾಕು, 'ಹೊಡಿಯೋ, ದೂರ ಹೊಡಿ!' ಅಂತ ಕೂಗು. ಹುಡುಗ ಕಣ್ಣು ಮುಚ್ಚಿ ಒದೆಯುತ್ತಾನೆ. ಅದು ಎದುರಾಳಿಯ ಕಾಲಿಗೇ ಸಿಗುತ್ತದೆ. ಮರುಕ್ಷಣ ಮತ್ತೆ ನಮ್ಮ ಬಾಗಿಲಲ್ಲೇ ಗಲಾಟೆ. ಇದರಲ್ಲಿ ಬಚಾವಾಗಿದ್ದು ಏನು, ಹೇಳಿ?

ಒಮ್ಮೆ ಬೆಂಗಳೂರಿನಲ್ಲಿ 14 ವರ್ಷದೊಳಗಿನವರ ತಂಡಕ್ಕೆ ಕಲಿಸುತ್ತಿದ್ದೆ. 'ಒದೆಯಬೇಡಿ, ಪಾಸ್ ಮಾಡಿ' ಅಂದಿದ್ದೆ. ಮೊದಲ ಪಂದ್ಯದ ಅರ್ಧ ಆಟಕ್ಕೇ ಮೂರು ಗೋಲು ತಿಂದೆವು! ಒಬ್ಬ ಹುಡುಗನ ಅಪ್ಪ ಬಂದು, 'ಸಾರ್, ನಮ್ಮ ಮಕ್ಕಳ ಮೇಲೆ ಪ್ರಯೋಗ ಮಾಡ್ತಿದ್ದೀರಾ?' ಅಂದರು. ಸಿಟ್ಟು ಬಂತು. ಆದರೆ ತಪ್ಪು ನನ್ನದೇ. ಪಾಸ್ ಮಾಡೋದು ಕಲಿಸಿದ್ದೆ, ಎಲ್ಲಿ ನಿಲ್ಲಬೇಕು ಅಂತ ಕಲಿಸಿರಲಿಲ್ಲ. ಗೋಲಿನ ಮುಂದೆ ಕಾಯುವ ಇಬ್ಬರು ಸ್ಟಾಪರ್‌ಗಳೂ ಬಸ್ ಸ್ಟಾಪಿನಲ್ಲಿ ನಿಂತ ಹಾಗೆ ಒಬ್ಬರಿಗೊಬ್ಬರು ಅಂಟಿಕೊಂಡು ನಿಂತಿದ್ದರು. ಗೋಲಿ, ಅಂದರೆ ಗೋಲ್‌ಕೀಪರ್, ಪಾಪ ಯಾರಿಗೆ ಕೊಡಬೇಕು?

ಮರುದಿನ ಬೆಳಿಗ್ಗೆ ನನ್ನ ಎರಡು ಚಪ್ಪಲಿ ಬಿಚ್ಚಿ, ಪೆನಾಲ್ಟಿ ಬಾಕ್ಸಿನ, ಅಂದರೆ ಗೋಲಿನ ಮುಂದೆ ಗೆರೆ ಎಳೆದ ದೊಡ್ಡ ಚೌಕದ, ಈ ಅಂಚಿಗೊಂದು, ಆ ಅಂಚಿಗೊಂದು ಇಟ್ಟೆ. 'ಗೋಲಿ ಹತ್ತಿರ ಚೆಂಡು ಇದ್ದಾಗ ನಿಮ್ಮ ಜಾಗ ಇದು' ಅಂದೆ. ದೊಡ್ಡ ಮೈದಾನದಲ್ಲಿ ಆ ಬಾಕ್ಸಿನ ಅಗಲ ಸುಮಾರು 40 ಮೀಟರ್. ಎದುರಾಳಿಯ ಇಬ್ಬರು ಫಾರ್ವರ್ಡ್‌ಗಳು ಎಷ್ಟು ಕಡೆ ಓಡಿಯಾರು? ಮುಂದಿನ ಪಂದ್ಯದಲ್ಲಿ ನಮ್ಮ ಗೋಲಿ ಚೆಂಡಿನ ಮೇಲೆ ಕಾಲಿಟ್ಟು ಸುಮ್ನೆ ನಿಂತ. ಅದೇ ಅಪ್ಪ ಆಚೆಯಿಂದ 'ಹೊಡಿಯೋ!' ಅಂತಿದ್ದಾರೆ. ಇವನು ಅಲ್ಲಾಡಲಿಲ್ಲ. ಎದುರಾಳಿ ನುಗ್ಗಿ ಬರಲಿ ಅಂತ ಕಾದ. ಬಂದ. ಆಗ ಕೊಟ್ಟ, ಎಡಗಡೆ ಸ್ಟಾಪರ್‌ಗೆ. ಅಲ್ಲಿಂದ ನಡುವಿನ ಹುಡುಗ, ಅವನಿಂದ ಬಲಗಡೆ ವಿಂಗರ್. ಗೋಲಾಯಿತಾ? ಇಲ್ಲ, ಕಂಬಕ್ಕೆ ಬಡಿಯಿತು. ಆದರೂ ನಾನು ಕುಣಿದುಬಿಟ್ಟೆ.

ಅಯ್ಯೋ, ಗಾಜಿನಾಚೆ ಗಡಿಯಾರ ತೋರಿಸುತ್ತಿದ್ದಾರೆ. ಬೇಗ ಹೇಳುತ್ತೇನೆ. ನಿಯಮವೂ ನಮ್ಮ ಪರವಾಗಿದೆ. 2019ರಿಂದ ಗೋಲ್ ಕಿಕ್, ಅಂದರೆ ನಮ್ಮ ಗೋಲಿನ ಹತ್ತಿರದಿಂದ ಆಟ ಮತ್ತೆ ಶುರು ಮಾಡುವ ಒದೆತ, ಬಾಕ್ಸ್ ದಾಟಲೇಬೇಕು ಅಂತಿಲ್ಲ. ಸ್ಟಾಪರ್ ಒಳಗೇ ಪಡೆಯಬಹುದು, ಒದೆಯುವ ತನಕ ಎದುರಾಳಿ ಹೊರಗಿರಬೇಕು. ಇನ್ನು 1992ರಿಂದ, ತನ್ನವರು ಬೇಕೆಂದೇ ಕಾಲಲ್ಲಿ ಕೊಟ್ಟ ಚೆಂಡನ್ನು ಗೋಲಿ ಕೈಯಲ್ಲಿ ಹಿಡಿಯುವಂತಿಲ್ಲ. ಅಂದ ಮೇಲೆ ಗೋಲಿಗೂ ಕಾಲಾಟ ಬರಬೇಕಲ್ವಾ? 2014ರ ವಿಶ್ವಕಪ್‌ನಲ್ಲಿ ಜರ್ಮನಿಯ ಗೋಲಿ ನೋಯರ್ ಬಾಕ್ಸಿನಾಚೆ ಓಡಿ ಬಂದು ಆಡಿದ್ದು ನೆನಪಿದೆಯಾ? ಇಲ್ಲಿ ಮಾತ್ರ ಗೋಲಿಗೆ ಬರೀ ಹಾರೋದು ಕಲಿಸುತ್ತೀರಿ.

ಅಭ್ಯಾಸಕ್ಕೆ ದಿನಾ ಹತ್ತು ನಿಮಿಷ ಸಾಕು. ಗೋಲಿ, ಇಬ್ಬರು ಸ್ಟಾಪರ್, ನಡುವೆ ಒಬ್ಬ. ಎದುರಿಗೆ ಇಬ್ಬರೇ. ಚೆಂಡು ಯಾರ ಹತ್ತಿರ ಇದ್ದರೂ ಅವನಿಗೆ ಎರಡು ದಾರಿ ಕಾಣಬೇಕು. ಒಂದೇ ಇದ್ದರೆ ಸೀಟಿ ಊದಿ ನಿಲ್ಲಿಸಿ, ಉಳಿದವರನ್ನು ಜರುಗಿಸಿ. ಚೆಂಡು ಕಳೆದುಕೊಂಡವನನ್ನು ಮಾತ್ರ ಬೈಯಬೇಡಿ. ಮತ್ತೆ ಚಪ್ಪಲಿ ಇಡೋದು ಮರೆಯಬೇಡಿ. ನಮಸ್ಕಾರ.