ತಾಳ ತಪ್ಪಿದರೆ ಸೆರೆಮನೆ

ಕೇಳುಗರಿಗೆಲ್ಲ ನಮಸ್ಕಾರ. ಅಜ್ಟೆಕರು, ಅಂದರೆ ಸ್ಪೇನಿನವರು ಗೆಲ್ಲುವ ಮೊದಲು ಮೆಕ್ಸಿಕೊ ಸೀಮೆಯಲ್ಲಿ ಆಳುತ್ತಿದ್ದ ಜನ. ಅವರ ಬಗ್ಗೆ ಮಾತಾಡಲು ಹೋದಲ್ಲೆಲ್ಲ ಮೊದಲ ಪ್ರಶ್ನೆ ನರಬಲಿಯದ್ದೇ. ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಇವತ್ತು ಡೋಲಿನ ಮಾತು. ಒಂದೇ ಸಂಗತಿ ನೆನಪಿಡಿ: ಅವರಿಗೆ ಡೋಲು ಬರೀ ಮನರಂಜನೆಯಲ್ಲ, ದೇವರ ಕೆಲಸ.

ಮುಖ್ಯವಾದ ಡೋಲು ಎರಡು. ವೇವೆಟ್ಲ್ ನೆಟ್ಟಗೆ ನಿಲ್ಲುತ್ತದೆ. ಟೊಳ್ಳು ಮಾಡಿದ ಮರದ ಮೇಲೆ ಚರ್ಮ ಬಿಗಿದು ಬರಿಗೈಯಲ್ಲಿ ಬಾರಿಸುತ್ತಿದ್ದರು. ತೆಪೊನಾಸ್ಟ್ಲಿಗೆ ಚರ್ಮವೇ ಇಲ್ಲ. ಅಡ್ಡ ಮಲಗಿಸಿದ ದಿಮ್ಮಿ, ಅದರಲ್ಲಿ ಸೀಳಿ ಬಿಡಿಸಿದ ಎರಡು ನಾಲಗೆ. ತುದಿಗೆ ರಬ್ಬರ್ ಸುತ್ತಿದ ಕೋಲಿನಿಂದ ಹೊಡೆದರೆ ಒಂದೊಂದು ನಾಲಗೆಗೆ ಒಂದೊಂದು ಸ್ವರ. ಹೌದು, ರಬ್ಬರ್! ಅದು ಆ ಸೀಮೆಯ ಮರದ ಹಾಲೇ ಅಲ್ವಾ?

ಹುಡುಗ ಹುಡುಗಿಯರು ಸಂಜೆ 'ಹಾಡಿನ ಮನೆ'ಗೆ ಹೋಗಿ ಹಾಡು, ಕುಣಿತ ಕಲಿಯಲೇಬೇಕಿತ್ತು. ತಾಳ ತಪ್ಪಿದರೆ? 16ನೇ ಶತಮಾನದಲ್ಲಿ ಅಲ್ಲಿನ ಹಿರಿಯರನ್ನು ಕೇಳಿ ಬರೆದಿಟ್ಟ ಪಾದ್ರಿ ಸಹಾಗುನ್ ಹೇಳುತ್ತಾನೆ: ದೊಡ್ಡವರ ಕುಣಿತದಲ್ಲಿ ಯಾರಾದರೂ ಹಾಡನ್ನೋ ಬಾರಿಸುವುದನ್ನೋ ಕೆಡಿಸಿದರೆ ದೊರೆ ಅವನನ್ನು ಸೆರೆಗೆ ಹಾಕಿಸುತ್ತಿದ್ದ. ಅವನು ಅಲ್ಲೇ ಸಾಯುತ್ತಿದ್ದ. ದೇವರ ಕೆಲಸ ಅಂದೆನಲ್ಲ!

ಈಗ ನಾನು ಹೇಳದೆ ಬಿಡಲಾರದ ಘಟನೆ. 1520ರ ಮೇ ತಿಂಗಳು. ರಾಜಧಾನಿ ಟೆನೊಚ್ಟಿಟ್ಲಾನ್, ಅಂದರೆ ಈಗ ಮೆಕ್ಸಿಕೊ ನಗರ ಇರುವ ಜಾಗ. ಸ್ಪೇನಿನ ದಂಡಿನ ನಾಯಕ ಕೊರ್ಟೆಸ್ ಕರಾವಳಿಗೆ ಹೋಗಿದ್ದ. ಊರಲ್ಲಿ ಉಳಿದ ದಂಡಿಗೆ ಪೆದ್ರೊ ದೆ ಅಲ್ವರಾದೊ ಮುಖಂಡ. ತೋಷ್ಕಟ್ಲ್ ಹಬ್ಬ ಬಂತು. ಹೆಂಗಸರು ರಾಜಗಿರಿಯಂಥ ಕಾಳು ಬೀಸಿ, ಆ ಹಿಟ್ಟಿನಲ್ಲಿ ದೇವರ ಮೂರ್ತಿ ಮಾಡಿದರು. ಗುಡಿಯ ಅಂಗಳದಲ್ಲಿ ಯೋಧರು ಆಯುಧವಿಲ್ಲದೆ ಕುಣಿಯುತ್ತಿದ್ದರು. ಹಾಡು ಅಲೆಯಂತೆ ಏಳುತ್ತಿತ್ತು. ಆಗ ಸ್ಪೇನಿನವರು ಬಾಗಿಲುಗಳನ್ನೆಲ್ಲ ಮುಚ್ಚಿದರು. ಕತ್ತಿ ಹಿಡಿದು ಎಲ್ಲಿಗೆ ನುಗ್ಗಿದರು ಗೊತ್ತಾ? ನೇರ ಡೋಲಿನ ಬಳಿಗೆ. ಬಾರಿಸುತ್ತಿದ್ದವನ ಎರಡೂ ಕೈ ಕಡಿದರು. ಆಮೇಲೆ ತಲೆ. ಉಳಿದವರ ಸರದಿ ಅದರ ನಂತರ.

ಬದುಕುಳಿದವರ ಕಡೆಯವರು ಇದನ್ನು ತಮ್ಮ ನಹುವಾಟ್ಲ್ ಭಾಷೆಯಲ್ಲಿ ಹೇಳಿ ಬರೆಸಿದರು. ನೂರಾರು ಜನ ಸತ್ತ ದಿನ ಅದು. ಆದರೂ ಮೊದಲು ನೆನೆದದ್ದು ಡೋಲಿನವನ ಕೈಗಳನ್ನು. ಡೋಲು ಮನರಂಜನೆಯಾಗಿದ್ದರೆ ಹಾಗೆ ನೆನೆಯುತ್ತಿದ್ದರೇ?

ಶಂಖ, ಕೊಳಲು, ಗೆಜ್ಜೆಗಳ ವಿಷಯ ಹೇಳಲು ಹೊತ್ತಿಲ್ಲ. ಒಂದು ಮಾತು ಮಾತ್ರ. ಅವರ ಹಾಡುಗಳ ಹಳೆಯ ಹಸ್ತಪ್ರತಿಯಲ್ಲಿ ಡೋಲಿಗೂ ಸೊಲ್ಲುಗಳಿವೆ: ತಿ, ತೊ, ಕಿ, ಕೊ. ಹೇಗೆ ಬಾರಿಸುತ್ತಿದ್ದರೆಂದು ವಿದ್ವಾಂಸರು ಇನ್ನೂ ಜಗಳವಾಡುತ್ತಿದ್ದಾರೆ. ಆಡಲಿ. ಮಲಿನಾಲ್ಕೊ ಊರಿನ ಒಂದು ವೇವೆಟ್ಲ್ ಈಗಲೂ ಮೆಕ್ಸಿಕೊದ ಟೊಲುಕಾ ನಗರದ ಮ್ಯೂಸಿಯಂನಲ್ಲಿದೆ. ಅದರ ಮೈತುಂಬ ಹದ್ದುಗಳೂ ಜಾಗ್ವಾರ್‌ಗಳೂ ಕುಣಿಯುತ್ತಿವೆ.