ಹಸಿರು ಹೈಡ್ರೋಜನ್‌ಗೆ ಎಷ್ಟು ಎಕರೆ ಹೊಲ ಬೇಕು?

ನಮಸ್ಕಾರ. ಇವತ್ತಿನ ಮಾತು ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಿಂದ ಶುರು. ಅಲ್ಲಿನ ಉಕ್ಕಿನ ಕಾರ್ಖಾನೆಗೆ ವರ್ಷಕ್ಕೆ 3,800 ಟನ್ ಹಸಿರು ಹೈಡ್ರೋಜನ್ ಕೊಡುವ ಘಟಕ ಬಂದಿದೆ. ಬಿಸಿಲು, ಗಾಳಿಯ ಕರೆಂಟಿನಿಂದ ನೀರು ಒಡೆದು ತೆಗೆಯುವ ಹೈಡ್ರೋಜನ್ ಇದು. ಅದಿರಿನಿಂದ ಕಬ್ಬಿಣ ತೆಗೆಯಲು ಕಲ್ಲಿದ್ದಲು ಬಳಸಿದರೆ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಹೈಡ್ರೋಜನ್ ಬಳಸಿದರೆ ನೀರಿನ ಆವಿ. ಒಣಹಾಕಿದ ಬಟ್ಟೆ ಅದಿರಿನ ಧೂಳಿಗೆ ಸಂಜೆಯೊಳಗೆ ಕೆಂಪಾಗುವ ಊರುಗಳ ನಡುವೆ ಬೆಳೆದವನು ನಾನು. ಕಲ್ಲಿದ್ದಲು ಕಡಿಮೆಯಾಗುವ ಯಾವ ದಾರಿಯಾದರೂ ನನಗೆ ಬೇಕು.

ಹೈಡ್ರೋಜನ್ ಅಂದ ಕೂಡಲೇ ನಮ್ಮ ಕಡೆ ಎಲ್ಲರೂ ಕೇಳುವುದು ನೀರಿನ ಬಗ್ಗೆ. ತುಂಗಭದ್ರೆ ನಂಬಿದವರು, ಕೇಳಲೇಬೇಕು. ಒಂದು ಕೆಜಿ ಹೈಡ್ರೋಜನ್‌ಗೆ ಒಡೆಯುವ ನೀರು 9 ಲೀಟರ್. 3,800 ಟನ್‌ಗೆ ದಿನಕ್ಕೆ ಸುಮಾರು 94 ಸಾವಿರ ಲೀಟರ್. ಶುದ್ಧ ಮಾಡಲು, ತಂಪು ಮಾಡಲು ಇನ್ನಷ್ಟು ಬೇಕು. ಆದರೂ ಡ್ಯಾಮ್ ಖಾಲಿಯಾಗುವ ಲೆಕ್ಕ ಇದಲ್ಲ.

ಕರೆಂಟ್ ನೋಡಿ. ಒಂದು ಕೆಜಿಗೆ 50 ಯೂನಿಟ್‌ಗಿಂತ ಜಾಸ್ತಿ. ಗೃಹಜ್ಯೋತಿಯಲ್ಲಿ ಒಂದು ಮನೆಗೆ ತಿಂಗಳಿಗೆ ಹೆಚ್ಚೆಂದರೆ 200 ಯೂನಿಟ್, ಅಲ್ವಾ? ಅಷ್ಟು ಕರೆಂಟ್ ನಾಲ್ಕು ಕೆಜಿ ಹೈಡ್ರೋಜನ್‌ಗೆ ಸಾಲದು. ಇದೆಲ್ಲ ಬಿಸಿಲು, ಗಾಳಿಯಿಂದ ಬರಬೇಕು. ಅಂದರೆ ಹೊಲ ಬೇಕು.

2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. 19,744 ಕೋಟಿ ರೂಪಾಯಿ. ಗುರಿ, 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್. ಅದಕ್ಕಾಗಿ ಹೊಸದಾಗಿ 1,25,000 ಮೆಗಾವ್ಯಾಟ್ ಸೌರ, ಪವನ ವಿದ್ಯುತ್. ನಮ್ಮ ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟ್. ಅಷ್ಟಕ್ಕೇ 13,000 ಎಕರೆ ಹಿಡಿಯಿತು. ಗುತ್ತಿಗೆ ಹಣ ಹೊಲ ಇದ್ದವರಿಗೆ ಬಂತು. ಆ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಕೂಲಿಯವರಿಗೆ?

ಕಾರ್ಖಾನೆ ಬಂದರೆ ಜಿಲ್ಲಾಧಿಕಾರಿ ಮುಂದೆ ನಿಂತು ಮಾತಾಡಲು ಒಂದು ಸಭೆಯಾದರೂ ಇದೆ. 2006ರ ಪರಿಸರ ಅಧಿಸೂಚನೆ ಕೊಟ್ಟ ಸಾರ್ವಜನಿಕ ಅಹವಾಲು ಸಭೆ ಅದು. ಸೋಲಾರ್ ಪ್ಲಾಂಟ್‌ಗೆ ಆ ಅಧಿಸೂಚನೆಯಡಿ ಅನುಮತಿಯೇ ಬೇಕಿಲ್ಲ. ಹಾಗಾಗಿ ಸಭೆಯೂ ಇಲ್ಲ. ಯಲಬುರ್ಗಾದ ಎರೆ ಹೊಲಕ್ಕೆ ಪ್ಯಾನೆಲ್ ಬಂದರೆ ಅಲ್ಲಿನ ಕೂಲಿ ಹೆಂಗಸು ಯಾರ ಮುಂದೆ ಹೇಳಿಕೊಳ್ಳಬೇಕು?

'ಹಸಿರು' ಅಂತ ಕರೆಯಲು ಸರ್ಕಾರ ಇಟ್ಟ ಅಳತೆ ಇದು: ಒಂದು ಕೆಜಿ ಹೈಡ್ರೋಜನ್‌ಗೆ 2 ಕೆಜಿಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಬರಬಾರದು. ಒಳ್ಳೆಯ ಅಳತೆಯೇ. ಆದರೆ ಅದರಲ್ಲಿ ಹೊಲ ಇಲ್ಲ, ಕೂಲಿ ಇಲ್ಲ.

ಇದನ್ನು ಕೇಳಬೇಕಾದವರು ಸಂಸತ್ತಿನ ಇಂಧನ ಸ್ಥಾಯಿ ಸಮಿತಿಯವರು. 31 ಜನ ಸಂಸದರು. ಅಧಿಕಾರಿಗಳನ್ನು ಕರೆಸಿ ಕೇಳಬಹುದು, ಊರಿಗೇ ಬಂದು ನೋಡಬಹುದು. ಸಮಿತಿಯ ಶಿಫಾರಸಿಗೆ ಸಚಿವಾಲಯ ಮೂರು ತಿಂಗಳಲ್ಲಿ ಏನು ಮಾಡಿದೆವು ಅಂತ ಉತ್ತರ ಕೊಡಬೇಕು. ಒಪ್ಪಲೇಬೇಕೆಂಬ ನಿಯಮವಿಲ್ಲ, ನಿಜ. ಆದರೂ ಉತ್ತರ ದಾಖಲೆಯಲ್ಲಿ ಉಳಿಯುತ್ತದೆ.

ಬಳ್ಳಾರಿ, ಕೊಪ್ಪಳ, ರಾಯಚೂರಿನ ಮೂವರು ಸಂಸದರಿಗೆ ನನ್ನ ಬೇಡಿಕೆ. ಆ ಸಮಿತಿಯನ್ನು ಇಲ್ಲಿಗೆ ಕರೆತನ್ನಿ. ತೋರಣಗಲ್ಲಿನ ಘಟಕ ತೋರಿಸಿ. ಅದೇ ದಿನ ಅದಕ್ಕೆ ಕರೆಂಟ್ ಕೊಡುವ ಹೊಲಗಳಿಗೂ ಕರೆದುಕೊಂಡು ಹೋಗಿ. ಅಲ್ಲಿ ಸಭೆ ಕನ್ನಡದಲ್ಲಿ ನಡೆಯಲಿ. ಮೊದಲು ಕೂಲಿಯವರು ಮಾತಾಡಲಿ.